ಕೆಲಸಕ್ಕೆ ಮೊದಲು ಮನೆ ಮಾಡಿದೆವು

ಕೆಲಸ ಗಟ್ಟಿಯಾದ ಮೇಲೆ ಮನೆ ನೋಡು ಅನ್ನುವುದು ಹಿರಿಯರ ಬುದ್ಧಿಮಾತು. ಮೊದಲು ಗಂಡಸು ಹೋಗಿ ನೆಲೆ ನಿಲ್ಲಬೇಕು, ಆಮೇಲೆ ಹೆಂಡತಿ ಮಕ್ಕಳು ಗಂಟುಮೂಟೆ ಕಟ್ಟಬೇಕು. ನಾವು ಅದನ್ನು ತಿರುಗುಮುರುಗು ಮಾಡಿದೆವು. ಅದೂ ಎಂಥಾ ಕಾಲದಲ್ಲಿ ಅಂತೀರಿ? 2020ರ ನವೆಂಬರ್‌ನಲ್ಲಿ. ಕೊರೊನಾದಿಂದ ಕೆಲಸ ಕಳೆದುಕೊಂಡ ಜನ ಬೆಂಗಳೂರು ಬಿಟ್ಟು ಊರು ಸೇರುತ್ತಿದ್ದಾಗ, ನಾವು ಸಾಗರ ಬಿಟ್ಟು ಬೆಂಗಳೂರಿಗೆ ಹೊರಟೆವು. "ಎಲ್ಲರೂ ವಾಪಸ್ ಬರ್ತಾ ಇದಾರೆ, ನಿಮಗೇನು ತಲೆ ಕೆಟ್ಟಿದೆಯಾ?" ಅಂತ ಕೇಳದ ನೆಂಟರಿಲ್ಲ.

ನಮ್ಮ ಯಜಮಾನರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆಫ್‌ಸೆಟ್ ಯಂತ್ರ ನಡೆಸುತ್ತಿದ್ದವರು. ಹದಿನೆಂಟು ವರ್ಷದ ಅನುಭವ. ನಮ್ಮ ಕಡೆ ಪ್ರೆಸ್ಸಿಗೆ ಅನ್ನ ಹಾಕುವುದು ಮದುವೆ, ಉಪನಯನ, ಗೃಹಪ್ರವೇಶದ ಕರೆಯೋಲೆಗಳು, ಜಾತ್ರೆಯ ಕರಪತ್ರಗಳು. ಆ ವರ್ಷ ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತು. ಆಮೇಲೆ ಮದುವೆಗೆ 50 ಜನಕ್ಕಿಂತ ಹೆಚ್ಚು ಸೇರಬಾರದು ಅಂತ ಕಟ್ಟಳೆ ಬಂತು. 50 ಜನಕ್ಕೋಸ್ಕರ ಕಾರ್ಡು ಯಾರು ಅಚ್ಚು ಹಾಕಿಸುತ್ತಾರೆ? ವಾಟ್ಸಾಪಿನಲ್ಲಿ ಕಳಿಸಿ ಮುಗಿಸಿದರು. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಒಟ್ಟು ಉತ್ಪನ್ನ ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಕುಸಿಯಿತು ಅಂತ ಪೇಪರಿನಲ್ಲಿ ಓದಿದೆವು. ನಮ್ಮ ಮನೆಯಲ್ಲಿ ಕುಸಿದದ್ದು ಕಾಲು ಭಾಗವಲ್ಲ, ಪೂರ್ತಿ. ಆಗಸ್ಟ್‌ನಲ್ಲಿ ಪ್ರೆಸ್ಸಿನ ಬಾಗಿಲೇ ಮುಚ್ಚಿತು.

ಊರಿನಲ್ಲಿ ಉಳಿದ ಪ್ರೆಸ್ಸುಗಳೂ ಸುಮ್ಮನೆ ಕೂತಿದ್ದವು. ಇವರೊಬ್ಬರೇ ಬೆಂಗಳೂರಿಗೆ ಹೋಗಲಿ ಅಂದರೆ ಅಲ್ಲೊಂದು ಬಾಡಿಗೆ, ಇಲ್ಲೊಂದು ಬಾಡಿಗೆ. ಮಕ್ಕಳಿಬ್ಬರೂ ಪ್ರೈಮರಿ ಸ್ಕೂಲು, ಪಾಠವೆಲ್ಲ ಮೊಬೈಲಿನಲ್ಲೇ. ಸಾಗರದ ಟೀಚರಮ್ಮನ ಪಾಠವನ್ನು ಬೆಂಗಳೂರಿನಲ್ಲಿ ಕೂತು ಕೇಳಿದರೆ ತಡೆಯುವವರು ಯಾರು? ಹಾಗಾಗಿ ಹೋಗುವುದಾದರೆ ಎಲ್ಲರೂ ಒಟ್ಟಿಗೇ ಅಂತ ನಾನೇ ಹಟ ಹಿಡಿದೆ.

ದುಡ್ಡಿನ ಮಾತು. ನನ್ನ ಹತ್ತಿರ ತವರಿನವರು ಕೊಟ್ಟ ನಾಲ್ಕು ಬಳೆ ಇದ್ದವು. ಆ ವರ್ಷ ಆಗಸ್ಟ್‌ನಲ್ಲಿ 10 ಗ್ರಾಂ ಚಿನ್ನ 55 ಸಾವಿರ ರೂಪಾಯಿ ದಾಟಿತ್ತು. ಅಡ ಇಡೋಣ, ಆಮೇಲೆ ಬಿಡಿಸಿಕೊಳ್ಳೋಣ ಅಂದರು ಇವರು. ನಾನು ಒಪ್ಪಲಿಲ್ಲ. ಅಡ ಇಟ್ಟರೆ ಬಡ್ಡಿ ಕಟ್ಟಬೇಕು, ಬಡ್ಡಿ ಕಟ್ಟಲು ಸಂಬಳ ಬೇಕು. ಸಂಬಳವೇ ಇಲ್ಲದವರು ಅಡ ಇಟ್ಟರೆ ಬಳೆಯೂ ಹೋಯಿತು, ಬಡ್ಡಿಯೂ ಹೋಯಿತು. ಎರಡು ಬಳೆ ಮಾರಿಯೇ ಬಿಟ್ಟೆ. ಆ ರಾತ್ರಿ ಕೈ ಬೋಳು ಬೋಳು ಅನ್ನಿಸಿ ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ಬಂದ ಹಣದಲ್ಲಿ ಮನೆಯ ಅಡ್ವಾನ್ಸಿಗೆಂದು ಒಂದಿಷ್ಟು ಎತ್ತಿಟ್ಟು, ಉಳಿದದ್ದನ್ನು ಆರು ಲಕೋಟೆಗಳಿಗೆ ಹಂಚಿದೆ. ಐದು ಲಕೋಟೆ ಐದು ತಿಂಗಳ ಖರ್ಚಿಗೆ. ಆರನೆಯದರ ಮೇಲೆ 'ವಾಪಸ್ ಲಾರಿ' ಅಂತ ಬರೆದೆ. ಮುಂದಿನ ಯುಗಾದಿ 2021ರ ಏಪ್ರಿಲ್ 13ಕ್ಕೆ. ಅಷ್ಟರೊಳಗೆ ಕೆಲಸ ಸಿಗದಿದ್ದರೆ ಯಾರನ್ನೂ ದೂರದೆ ಊರಿಗೆ ಮರಳುವುದು ಅಂತ ಇಬ್ಬರೂ ಮಾತಾಡಿಕೊಂಡೆವು. ಗಡುವು ಇಟ್ಟುಕೊಂಡರೆ ಭಯ ಹೋಗುತ್ತದೆ ಅಂತಲ್ಲ, ಭಯಕ್ಕೊಂದು ಗಡಿ ಸಿಗುತ್ತದೆ.

ದೀಪಾವಳಿ ಮುಗಿಸಿಕೊಂಡು ಹೊರಟೆವು. ಗ್ಯಾಸ್ ಏಜೆನ್ಸಿಯಲ್ಲಿ ಸಿಲಿಂಡರು, ರೆಗ್ಯುಲೇಟರು ಒಪ್ಪಿಸಿ, ಠೇವಣಿ ವಾಪಸ್ ಪಡೆದು ಕಾಗದ ಮಾಡಿಸಿಕೊಂಡೆವು. ಬೆಂಗಳೂರಿನಿಂದ ಒಂದು ಸಂಸಾರದ ಸಾಮಾನು ಹೇರಿಕೊಂಡು ಬಂದ ಮಿನಿ ಲಾರಿ ಖಾಲಿ ವಾಪಸ್ ಹೋಗುವುದಿತ್ತು. ಕಡಿಮೆ ಬಾಡಿಗೆಗೆ ನಮ್ಮ ಪಾತ್ರೆಪಡಗ ಹತ್ತಿಸಿಕೊಂಡರು.

ಲಗ್ಗೆರೆಯಲ್ಲಿ ಮನೆ ನೋಡಿದೆವು, ಪೀಣ್ಯದ ಕಾರ್ಖಾನೆಗಳು ಹತ್ತಿರ ಅಂತ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವುದು ವಾಡಿಕೆ. ಆದರೆ ಆಗ ಬೀದಿ ಬೀದಿಯಲ್ಲೂ 'ಮನೆ ಬಾಡಿಗೆಗೆ ಇದೆ' ಬೋರ್ಡು. "ಯಜಮಾನರಿಗೆ ಎಲ್ಲಿ ಕೆಲಸ?" ಅಂತ ಎಲ್ಲರೂ ಕೇಳುವವರೇ. "ಈಗ ಕೆಲಸ ಇಲ್ಲ, ಹುಡುಕಲಿಕ್ಕೆ ಬಂದಿದೀವಿ" ಅಂತ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಇಬ್ಬರು ಅಲ್ಲೇ ಬಾಗಿಲು ಹಾಕಿಕೊಂಡರು. ಮೂರನೆಯವರ ಮನೆ ಏಪ್ರಿಲ್‌ನಿಂದ ಖಾಲಿ ಬಿದ್ದಿತ್ತು. ಅವರು ಒಂದು ಗಳಿಗೆ ಯೋಚಿಸಿ, ನಾಲ್ಕು ತಿಂಗಳ ಅಡ್ವಾನ್ಸಿಗೆ ಕೀಲಿಕೈ ಕೊಟ್ಟರು. ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ತಂದಿದ್ದೆ. ಅದರಲ್ಲಿ ಮೊದಲ ಬಟ್ಟಲು ಆ ಮನೆಯಾಕೆಗೇ ಹೋಯಿತು.

ಅಕ್ಕಿಯ ಚಿಂತೆ ಮಾತ್ರ ಇರಲಿಲ್ಲ. ರೇಷನ್ ಕಾರ್ಡು ಸಾಗರದ್ದೇ ಆದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿದರೆ ಅಕ್ಕಿ ಕೊಟ್ಟರು. ಬೋರ್‌ವೆಲ್ ಗಡಸು ನೀರಿಗೆ ಬೇಳೆ ಬೇಯದೆ ಪೇಚಾಡಿದೆ. ರಾತ್ರಿಯೇ ನೆನೆ ಹಾಕುವುದು ರೂಢಿಯಾಯಿತು.

ಇವರು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕ್ಷೌರ ಮಾಡಿಕೊಂಡು, ಡಬ್ಬಿ ಹಿಡಿದು ಹೊರಡುತ್ತಿದ್ದರು. ಕೆಲಸವಿಲ್ಲದವರಿಗೆ ಡಬ್ಬಿ ಯಾಕೆ ಅನ್ನಬೇಡಿ. ರಾಜಾಜಿನಗರ, ಕಾಟನ್‌ಪೇಟೆ, ಚಾಮರಾಜಪೇಟೆ ಅಂತ ಪ್ರೆಸ್ಸು ಹುಡುಕಿ ಅಲೆಯುವವರು ಹೋಟೆಲಿಗೆ ದುಡ್ಡು ಹಾಕಲಾದೀತೆ? ಎಲ್ಲೋ ಮರದ ಕೆಳಗೆ ಕೂತು ಉಣ್ಣುತ್ತಿದ್ದರಂತೆ. ಸಂಜೆ ಚಪ್ಪಲಿ ಬಿಡುವ ಸದ್ದಿನಲ್ಲೇ ನನಗೆ ಉತ್ತರ ಗೊತ್ತಾಗುತ್ತಿತ್ತು. "ಏನಾಯ್ತು?" ಅಂತ ದಿನಾ ಕೇಳುವುದಿಲ್ಲ, ಭಾನುವಾರ ಒಂದು ದಿನ ಮಾತ್ರ ಕೂತು ಮಾತಾಡೋಣ ಅಂತ ಮೊದಲೇ ಹೇಳಿದ್ದೆ. ಉಳಿದ ಆರು ದಿನ ಕಾಫಿ ಕೊಟ್ಟು ಮಕ್ಕಳ ಸುದ್ದಿ ಹೇಳುವುದು. ಬಾಯಿ ಕಟ್ಟಿಕೊಂಡಿರುವುದು ಅಷ್ಟು ಸುಲಭವಲ್ಲ, ನಿಮಗೇ ಗೊತ್ತು. ಎಷ್ಟೋ ಸಲ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದೂ ಉಂಟು. ಒಂದು ಭಾನುವಾರ ಇವರು "ನನ್ನ ಕೈಗೆ ಬಂದ ವಿದ್ಯೆಯೇ ಜಗತ್ತಿಗೆ ಬೇಡವಾಯ್ತೇನೋ" ಅಂದಾಗ ಏನು ಹೇಳಬೇಕೋ ತೋಚದೆ ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ.

ಆ ಕಾಲದಲ್ಲಿ ಕೆಲಸ ಇದ್ದವರೂ ಮನೆಯಲ್ಲೇ ಇರುತ್ತಿದ್ದರಲ್ಲ! ಮುಚ್ಚಿಡಬೇಕು ಅಂದಿದ್ದರೆ ಬಹಳ ಸುಲಭವಿತ್ತು. ಇವರಿಗೂ ನಾಲ್ಕು ಜನಕ್ಕೆ ಹೇಳಿಕೊಳ್ಳಲು ಸಂಕೋಚವೇ. ಆದರೆ ಹಾಲಿನ ಬೂತಿನಲ್ಲಿ, ರೇಷನ್ ಸಾಲಿನಲ್ಲಿ ಯಾರು ಕೇಳಿದರೂ ನಾನು "ಆಫ್‌ಸೆಟ್ ಮೆಷಿನ್ ಕೆಲಸ ಬರುತ್ತೆ, ಎಲ್ಲಾದ್ರೂ ಇದ್ರೆ ಹೇಳಿ" ಅನ್ನುತ್ತಿದ್ದೆ. ಬರೀ 'ಕೆಲಸ ಬೇಕು' ಅಂದರೆ ಜನ ಮರೆಯುತ್ತಾರೆ. ಇಂಥದ್ದೇ ಕೆಲಸ ಅಂದರೆ ನೆನಪಿಟ್ಟುಕೊಳ್ಳುತ್ತಾರೆ.

ಸಂಕ್ರಾಂತಿಯ ಮರುವಾರ, ರೇಷನ್ ಸಾಲಿನಲ್ಲಿ ಪರಿಚಯವಾಗಿದ್ದ ಹೆಂಗಸು ಹುಡುಕಿಕೊಂಡು ಬಂದಳು. ಅವಳು ಪೀಣ್ಯದಲ್ಲಿ ಔಷಧಿಯ ರಟ್ಟಿನ ಡಬ್ಬಿ ಅಂಟಿಸುವವಳು. ಅಲ್ಲಿ ಮೆಷಿನ್ ನಡೆಸುವವರು ಊರಿಗೆ ಹೋದವರು ವಾಪಸ್ ಬಂದಿಲ್ಲವಂತೆ. ಮದುವೆ ಕಾರ್ಡನ್ನು ಮೊಬೈಲಿನಲ್ಲಿ ಕಳಿಸಬಹುದು, ಮಾತ್ರೆ ಡಬ್ಬಿಯನ್ನು ಕಳಿಸಲಾಗುತ್ತದೆಯೇ? ಇವರ ವಿದ್ಯೆ ಜಗತ್ತಿಗೆ ಬೇಡವಾಗಿರಲಿಲ್ಲ, ಬೇಕಾದ ಜಾಗ ಬದಲಾಗಿತ್ತು. ರಾತ್ರಿ ಪಾಳಿ, ಊರಿನ ಸಂಬಳಕ್ಕಿಂತ ಹೆಚ್ಚೇನೂ ಇಲ್ಲ, ಆದರೂ ಮರುದಿನವೇ ಸೇರಿಕೊಂಡರು. ಆಗ ನಾನು ಮೂರನೆಯ ಲಕೋಟೆ ಒಡೆದಿದ್ದೆ. ಏಪ್ರಿಲ್ ಕೊನೆಗೆ ಮತ್ತೆ ಎಲ್ಲ ಬಂದ್ ಆದಾಗಲೂ, ಔಷಧಿಯ ಕೆಲಸವಾದ್ದರಿಂದ ಇವರ ಪಾಳಿ ನಿಲ್ಲಲಿಲ್ಲ.

ಇದನ್ನು ಓದಿ ಎಲ್ಲರೂ ಹೀಗೇ ಹೊರಡಿ ಅಂತ ನಾನು ಹೇಳುವುದಿಲ್ಲ. ಕೈಯಲ್ಲಿ ಐದಾರು ತಿಂಗಳ ಖರ್ಚಿಲ್ಲದೆ, ವಾಪಸ್ ಬರುವ ಹಣ ಬೇರೆ ಇಡದೆ ಹೊರಡಲೇಬೇಡಿ. ಊರಿನಲ್ಲಿ ಕೆಲಸದ ಆಸೆ ಒಂದಿಷ್ಟಿದ್ದರೂ ಕಾಯಿರಿ. ಆದರೆ ಹೋಗಲೇಬೇಕಾಗಿ ಬಂದರೆ, ಮನೆಯ ಗಂಡಸಿನ ಕೆಲಸ ಹೋದದ್ದು ಸಂಸಾರದ ಮಾನ ಹೋದ ಹಾಗೆ ಅಂತ ಬಾಯಿ ಮುಚ್ಚಿಕೊಂಡು ಕೂರಬೇಡಿ. ಹೊಸ ಊರಿನಲ್ಲಿ ನಮ್ಮನ್ನು ಬಲ್ಲವರು ಯಾರೂ ಇರುವುದಿಲ್ಲ. ನಾವು ಹೇಳಿದರೆ ತಾನೇ ಅವರಿಗೆ ಗೊತ್ತಾಗುವುದು?