ಗುಬ್ಬಿಯ ಲೆಕ್ಕ

ಮಗಳ ಮನೆಗೆ ಬಂದು ಇವತ್ತಿಗೆ ಹನ್ನೊಂದು ದಿನ. ಮೂವತ್ತಮೂರು ವರ್ಷ ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಕೂತು ಸಾಮಾನಿಗೆ ಚೀಟಿ ಅಂಟಿಸಿದವನು ನಾನು. ಮಾವಿನ ಬುಟ್ಟಿ, ಮೀನಿನ ಪೆಟ್ಟಿಗೆ, ಬೈಕು, ವೀಳ್ಯದೆಲೆ ಪೆಂಡಿ, ಯಾವುದೇ ಬರಲಿ, ಎಷ್ಟು ತೂಕ, ಯಾವ ಸ್ಕೇಲು, ಎಷ್ಟು ದುಡ್ಡು ಎಂದು ಎರಡು ನಿಮಿಷದಲ್ಲಿ ಹೇಳುತ್ತಿದ್ದೆ. ಈ ಮನೆಯಲ್ಲಿ ಓಡಾಡುತ್ತಿರುವ ಒಂದು ಪ್ರಾಣಿಯನ್ನು ಮಾತ್ರ ಯಾವ ಕಾಲಮ್ಮಿಗೆ ಹಾಕಬೇಕೆಂದು ಹನ್ನೊಂದು ದಿನವಾದರೂ ತಿಳಿದಿಲ್ಲ. ಅದಕ್ಕೇ ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆದಿಡುತ್ತಿದ್ದೇನೆ.

ಹೆಸರು ಗುಬ್ಬಿ. ತಂದಾಗ ಅಂಗೈಯಲ್ಲಿ ಹಿಡಿಸುತ್ತಿತ್ತು ಎಂದು ಅಳಿಯ ಹೇಳುತ್ತಾರೆ. ನಾನು ನಂಬಿಲ್ಲ. ಜಾತಿ ಗ್ರೇಟ್ ಡೇನ್. ಬಿಳಿ ಮೈ, ಅದರ ಮೇಲೆ ಹರಿದ ಕರಿ ಬಟ್ಟೆಯ ಚೂರು ಅಂಟಿಸಿದ ಹಾಗೆ ಮಚ್ಚೆ. ನಿಂತರೆ ಬೆನ್ನು ಅಡುಗೆಮನೆ ಕಟ್ಟೆಗೆ ಸಮ. ಬೇರೆ ನಾಯಿಗಳು ಕಟ್ಟೆಯ ಮೇಲಿರುವುದನ್ನು ಕದಿಯಬೇಕಾದರೆ ಮುಂಗಾಲೆತ್ತಿ ಹಾರಬೇಕು. ಇದು ತಲೆ ತಗ್ಗಿಸಿದರೆ ಸಾಕು.

*

ಮನೆಯವರೆಲ್ಲ “ಅವನು” ಅನ್ನುತ್ತಾರೆ. “ಅವನು ಮಲಗಿದ್ದಾನೆ, ಮೆಲ್ಲಗೆ ಮಾತಾಡಿ ಅಪ್ಪ.” ನಾನು “ಅದು” ಅನ್ನುತ್ತೇನೆ. ವ್ಯಾಕರಣ ನನ್ನ ಕಡೆಗಿದೆ.

*

ಲಿಫ್ಟಿನೊಳಗೆ ಒಂದು ಸ್ಟೀಲ್ ಫಲಕ: 6 ಜನ, 408 ಕೆ.ಜಿ. ಹಳೇ ಚಾಳಿ, ಭಾಗಿಸಿ ನೋಡಿದೆ. ತಲೆಗೆ 68 ಕೆ.ಜಿ. ಅಂದರೆ ಲಿಫ್ಟಿನ ಲೆಕ್ಕದಲ್ಲಿ ಮನುಷ್ಯ ಅಂದರೆ 68 ಕೆ.ಜಿ.

ಗುಬ್ಬಿಯ ಹೋದ ತಿಂಗಳ ಆಸ್ಪತ್ರೆ ಚೀಟಿಯಲ್ಲಿ ತೂಕ ಬರೆದಿದೆ: 68.

ಅಳಿಯಂದಿರು 64. ನಾನು 59. ಹೀಗಾಗಿ ಲಿಫ್ಟಿನಲ್ಲಿ ನಾವು ಮೂವರು ನಿಂತಾಗ ಸರಿಯಾಗಿ ಮನುಷ್ಯ ಎನಿಸಿಕೊಳ್ಳುವವರು ಒಬ್ಬರೇ. ಮೂರನೇ ಮಹಡಿಯ ಅಜ್ಜಿ ಬಾಗಿಲು ತೆರೆದೊಡನೆ ನೋಡಿ “ನೀವು ಹೋಗಿ, ನಾನು ಆಮೇಲೆ ಬರ್ತೀನಿ” ಅನ್ನುತ್ತಾರೆ. ಅವರನ್ನು ತಪ್ಪು ಅನ್ನಲಾರೆ. ಮೊದಲ ದಿನ ನಾನೂ ಮೆಟ್ಟಿಲು ಹತ್ತಿದವನೇ. ನಾಯಿಯನ್ನು ಲಿಫ್ಟಿಗೆ ಬಿಡುವುದಿಲ್ಲ ಎಂದು ಯಾವ ಅಪಾರ್ಟ್‌ಮೆಂಟ್ ಸಂಘವೂ ತಡೆಯುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಸುತ್ತೋಲೆ ಹೊರಡಿಸಿದೆಯಂತೆ. ಅಳಿಯಂದಿರ ಪರ್ಸಿನಲ್ಲಿ ಅದರ ಜೆರಾಕ್ಸ್ ಪ್ರತಿ ಮಡಚಿ ಮಡಚಿ ಬಟ್ಟೆಯಂತಾಗಿದೆ. ಡ್ರೈವಿಂಗ್ ಲೈಸೆನ್ಸ್ ಮರೆತು ಹೋಗಿಯಾರು, ಅದನ್ನು ಮರೆಯುವುದಿಲ್ಲ.

*

ರೈಲಿನ ವಿಷಯ ನನಗೆ ಗೊತ್ತಿರುವುದು. ಬೆಳೆದ ನಾಯಿಗೆ ಅಲ್ಲಿ ಎರಡೇ ಜಾಗ. ಒಂದು, ಮೊದಲ ದರ್ಜೆಯ ಬೋಗಿಯಲ್ಲಿ ಕೂಪೆ ಪೂರ್ತಿ ಸಿಕ್ಕಿದರೆ ಯಜಮಾನರ ಜೊತೆ. ಇನ್ನೊಂದು, ಗಾರ್ಡಿನ ಬ್ರೇಕ್‌ವ್ಯಾನಿನಲ್ಲಿರುವ ನಾಯಿ ಪೆಟ್ಟಿಗೆ. ಮೊದಲನೆಯದಕ್ಕೆ 60 ಕೆ.ಜಿ. ಲಗೇಜಿನ ದರ, ಎರಡನೆಯದಕ್ಕೆ 30 ಕೆ.ಜಿ.ಯದು. ನಾಯಿಯನ್ನು ತಕ್ಕಡಿಗೆ ಹತ್ತಿಸುವುದಿಲ್ಲ. ಮಡಿಲಲ್ಲಿ ಕೂರುವ ಪುಟ್ಟ ಜಾತಿಯ ನಾಯಿಗೂ ಅಷ್ಟೇ, ಗುಬ್ಬಿಗೂ ಅಷ್ಟೇ. ಇದೇ ದೇಹ ಮೆತ್ತನೆ ಸೀಟಿನ ಪಕ್ಕ ಮಲಗಿದರೆ ಅರವತ್ತು, ಕತ್ತಲೆಯ ಪೆಟ್ಟಿಗೆಯಲ್ಲಿ ಮುದುಡಿದರೆ ಮೂವತ್ತು. ಕೂಪೆ ಸಿಗುತ್ತದೋ ಇಲ್ಲವೋ ಎನ್ನುವುದು ಚಾರ್ಟು ಬರುವ ತನಕ ಬ್ರಹ್ಮನಿಗೂ ತಿಳಿಯದು.

ಸರ್ವೀಸಿನಲ್ಲಿ ಈ ಲೆಕ್ಕ ವಿಚಿತ್ರವೆಂದು ಒಮ್ಮೆಯೂ ಅನಿಸಿರಲಿಲ್ಲ. ಅರಸೀಕೆರೆಯಲ್ಲಿದ್ದಾಗ ಒಂದು ರಾತ್ರಿ ಆಲ್ಸೇಷಿಯನ್ ಒಂದನ್ನು ಪೆಟ್ಟಿಗೆಗೆ ಹಾಕಿಸಿದೆ. ತಗಡಿನ ಬಾಗಿಲು, ಗಾಳಿಯಾಡಲು ಸಾಲಾಗಿ ತೂತು. ಒದ್ದೆ ಮೂಗಿನ ತುದಿ ಒಂದು ತೂತಿಗೆ ಒತ್ತಿಕೊಂಡಿತ್ತು, ಕಾಳುಮೆಣಸಿನಷ್ಟು ಕಾಣುತ್ತಿತ್ತು. ರಸೀದಿಯಲ್ಲಿ “ನಾಯಿ, ಒಂದು” ಎಂದು ಬರೆದು ಸೀಲು ಒತ್ತಿ ಟೀ ಕುಡಿಯಲು ಹೋದೆ. ಅದು ಈಗೇಕೆ ನೆನಪಾಗಬೇಕು?

ಗುಬ್ಬಿ ಆ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ತಲೆ ಮಾತ್ರ ಕಳಿಸಬಹುದು.

*

ಸರ್ಕಾರಿ ಬಸ್ಸಿನಲ್ಲಿ 2022ರಿಂದ ನಾಯಿಗೆ ಅರ್ಧ ಟಿಕೆಟ್. ಅಂದರೆ ಅಲ್ಲಿ ಅದು ಮಗು. ಬಸ್ಸಿನವರ ಲೆಕ್ಕ ರೈಲಿನವರದಕ್ಕಿಂತಲೂ ಸ್ವಾರಸ್ಯ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಂದ ಮೈಸೂರಿಗೆ ಹೊರಟ ಒಬ್ಬ ಅಜ್ಜಿ ಮತ್ತು ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಪಂಜರದಲ್ಲಿದ್ದ ನಾಲ್ಕು ಗಿಳಿಗಳಿಗೆ 444 ರೂಪಾಯಿ. ಪೇಪರಿನಲ್ಲಿ ಫೋಟೊ ಸಮೇತ ಬಂದಿತ್ತು. ಕಂಡಕ್ಟರು ನಿಯಮದಂತೆಯೇ ನಡೆದುಕೊಂಡಿರಬೇಕು. ನಾನಾಗಿದ್ದರೂ ಹರಿದು ಕೊಡುತ್ತಿದ್ದೆ.

*

ಜಾನುವಾರು ಗಣತಿಯವರೂ ಬಂದು ಗುಬ್ಬಿಯನ್ನು ಬರೆದುಕೊಂಡು ಹೋಗಿದ್ದರಂತೆ, 2024ರ ಕೊನೆಯಲ್ಲಿ ಶುರುವಾದ 21ನೆಯ ಗಣತಿ. ಆ ಪಟ್ಟಿಯಲ್ಲಿ ಹಸು, ಎಮ್ಮೆ, ಕತ್ತೆ, ಮೊಲ, ಆನೆ ಎಲ್ಲ ಇವೆ. ಲಿಫ್ಟಿಗೆ ಮನುಷ್ಯ, ರೈಲಿಗೆ ಲಗೇಜು, ಬಸ್ಸಿಗೆ ಮಗು, ಗಣತಿಗೆ ಜಾನುವಾರು. ಎಂಥ ಜಮಾಖರ್ಚು ಇದು!

*

ಡೇನ್ ಎಂದರೆ ಡೆನ್ಮಾರ್ಕಿನದೇನೋ ಅಂದುಕೊಂಡಿದ್ದೆ. ಅಲ್ಲ, ಜರ್ಮನಿಯದು. ಅಲ್ಲಿ ಕಾಡುಹಂದಿ ಬೇಟೆಗೆಂದು ಬೆಳೆಸಿದ ತಳಿ. ನಮ್ಮ ಈ ಹಂದಿ ಬೇಟೆಗಾರ ಕುಕ್ಕರ್ ವಿಷಲ್ ಹಾಕಿದರೆ ಬಚ್ಚಲಿಗೆ ಹೋಗಿ ನಿಲ್ಲುತ್ತಾನೆ. ಮುಂಭಾಗ ಮಾತ್ರ ಬಚ್ಚಲಲ್ಲಿ, ಉಳಿದದ್ದು ಹಾಲಿನಲ್ಲಿ.

ಕೂರುವ ರೀತಿ ಇನ್ನೂ ವಿಚಿತ್ರ. ಹಿಂಭಾಗವನ್ನು ಸೋಫಾ ಮೇಲಿಟ್ಟು ಮುಂಗಾಲೆರಡನ್ನೂ ನೆಲಕ್ಕೆ ಊರಿ, ಅರ್ಜಿ ಕೊಡಲು ಬಂದವರಂತೆ ಕೂರುತ್ತಾನೆ. ಇಲ್ಲವೇ ಬಂದು ಕಾಲಿಗೆ ಒರಗಿ ನಿಲ್ಲುತ್ತಾನೆ. ಪ್ರೀತಿ ಅಂತೆ. ಮೊದಲ ಸಲ ಒರಗಿದಾಗ ಕೈಲಿದ್ದ ಕಾಫಿ ಲೋಟದ ಸಮೇತ ನಾನು ಗೋಡೆಗೆ ಒರಗಿದೆ, ಗೋಡೆ ಇದ್ದದ್ದಕ್ಕೆ ಬಚಾವು. ಆ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಕಂದು ಚುಕ್ಕೆಗಳ ಸಾಲಿದೆ. ಹೋಳಿಗೆಯ ಬೆಲ್ಲ ಸಿಡಿದದ್ದೆಂದು ತಿಳಿದಿದ್ದೆ. ಅದು ರಕ್ತ. ಯಾರಾದರೂ ಬಂದರೆ ಖುಷಿಗೆ ಬಾಲ ಬೀಸುತ್ತಾನೆ, ತುದಿ ಗೋಡೆಗೆ ಬಡಿದು ಬಡಿದು ಒಡೆಯುತ್ತದೆ, ಆದರೂ ಬೀಸುವುದು ನಿಲ್ಲುವುದಿಲ್ಲ.

(ಮೇಲೆ “ನಿಲ್ಲುತ್ತಾನೆ” ಎಂದು ಬರೆದಿದ್ದೇನೆ. ಮಗಳ ಮಾತು ಕೇಳಿ ಕೇಳಿ ಕೈತಪ್ಪಿ ಬಂದದ್ದು.)

*

ಊರಿಗೆ ಹೋಗಿ ಬಂದೆವು. ಮದ್ದೂರಿನಾಚೆ ಎಂಟು ಕಿಲೋಮೀಟರ್. ಈ ಪ್ರಾಣಿಗೋಸ್ಕರವೇ ಅಳಿಯಂದಿರು ಇದ್ದ ಒಳ್ಳೇ ಕಾರು ಮಾರಿ ಸೆಕೆಂಡ್‌ಹ್ಯಾಂಡ್ ಓಮ್ನಿ ಕೊಂಡಿದ್ದಾರೆ. ಹಿಂದಿನ ಸೀಟು ಕಿತ್ತು ಹಾಸಿಗೆ ಹಾಕಿದೆ. ಗುಬ್ಬಿ ಹಾಸಿಗೆಯಲ್ಲಿ, ನಾನು ಹಾಸಿಗೆಯ ಅಂಚಿನ ಒಂದು ಪ್ಲಾಸ್ಟಿಕ್ ಸ್ಟೂಲಿನಲ್ಲಿ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ನಾಯಿಯ ಬಗ್ಗೆ ಚಕಾರವಿಲ್ಲ. ಆದರೆ ನಾವು ಹೋದದ್ದು ಹಳೇ ರಸ್ತೆಯಲ್ಲಿ. ಗಂಟೆಗೊಮ್ಮೆ ಇಳಿಸಿ ನೀರು ಕುಡಿಸಬೇಕು. ನಾಯಿಗೆ ನಮ್ಮ ಹಾಗೆ ಮೈ ಬೆವರುವುದಿಲ್ಲ, ಒಳಗಿನ ಕಾವನ್ನು ಬಹುಪಾಲು ನಾಲಗೆ ಚಾಚಿ ಏದುಸಿರಲ್ಲೇ ಹೊರಹಾಕಬೇಕು. ಅಷ್ಟು ದೊಡ್ಡ ಮೈಯ ಕಾವೆಲ್ಲ ನನ್ನ ಕುತ್ತಿಗೆಯ ಹಿಂದೆ, ಬಿಡದಿಯಿಂದ ಮದ್ದೂರಿನವರೆಗೆ.

ಚನ್ನಪಟ್ಟಣ ದಾಟಿ ಟೀ ಅಂಗಡಿ ಹತ್ತಿರ ಇಳಿಸಿದ್ದೇ ತಡ, ಜನ ಸೇರಿದರು.

“ಇದೇನ್ ಸ್ವಾಮಿ, ನಾಯಾ, ಕರನಾ?”

“ನಾಯಪ್ಪ.”

“ಎಚ್ಚೆಫ್ ಕರ ಅಂದ್ಕಂಡೆ ಕಣ್ರೀ. ಬಣ್ಣ ಅಂಗೇ ಅದೆ. ಡೇರಿಗೆ ಎಷ್ಟ್ ಲೀಟ್ರು ಹಾಕ್ತೀರಿ?”

ಎಲ್ಲರೂ ನಕ್ಕರು. ಆದರೆ ಅವರಲ್ಲೊಬ್ಬ ಮುದುಕ ನಗಲಿಲ್ಲ. ಗುಬ್ಬಿಯ ಸುತ್ತ ಒಂದು ಸುತ್ತು ಬಂದ, ಮುಂಗಾಲ ಮೂಳೆ ಮುಟ್ಟಿ ನೋಡಿದ, ಸಂತೆಯಲ್ಲಿ ಹೋರಿ ನೋಡುವವರ ಹಾಗೆ. “ದಿನಕ್ಕೆ ಏನ್ ಬೀಳುತ್ತೆ ಖರ್ಚು?” ಅಂದ. ಅಳಿಯಂದಿರು ಹೇಳಿದರು. ಮುದುಕ ನನ್ನ ಮುಖ ನೋಡಿದ. ನಾನು ಆಚೆ ನೋಡಿದೆ.

ಮದ್ದೂರಿನಲ್ಲಿ ವಡೆ ಕೊಂಡೆ. ಒಂದು ಚೂರು ಮುರಿದು ಗುಬ್ಬಿಗೆ ಕೊಡಲು ಕೈ ಚಾಚಿದೆನಷ್ಟೆ, ಮಗಳು ಹಾರಿಬಂದು ಕಿತ್ತುಕೊಂಡಳು. “ಈರುಳ್ಳಿ ಇದೆ ಅಪ್ಪ! ನಾಯಿಗೆ ಈರುಳ್ಳಿ ವಿಷ, ರಕ್ತದ ಕಣ ಒಡೆದುಹೋಗುತ್ತೆ!” ಅರವತ್ತೆಂಟು ಕೆ.ಜಿ. ಇದೆ, ಈರುಳ್ಳಿಗೆ ಹೆದರಬೇಕು. ಅವಳು ಚಿಕ್ಕವಳಿದ್ದಾಗ ಅವಳು ಏನು ತಿನ್ನುತ್ತಾಳೆಂದು ನಾನು ಇಷ್ಟು ನೋಡಿದ್ದೆನೇ? ನೆನಪಾಗಲಿಲ್ಲ.

ಊರಲ್ಲಿ ಬೀದಿನಾಯಿಗಳು ಹನ್ನೆರಡು, ಎಣಿಸಿದೆ. ಅವು ಬೊಗಳಿದ ರಭಸಕ್ಕೆ ಗುಬ್ಬಿ ನನ್ನ ಬೆನ್ನ ಹಿಂದೆ ಅಡಗಲು ನೋಡಿತು. ನನ್ನ ಬೆನ್ನಾದರೂ ಎಷ್ಟು ದೊಡ್ಡದು? ಎರಡೂ ಕಡೆ ಹೊರಗೆ ಕಾಣುತ್ತಲೇ ಇತ್ತು. ನಮ್ಮಕ್ಕ ಆದಿಚುಂಚನಗಿರಿಯ ಭೈರವನಿಗೆ ನಡೆದುಕೊಳ್ಳುವವಳು. ಹೊಸ್ತಿಲಲ್ಲೇ ನಿಂತು “ಭೈರವ ಬಂದಂಗಾಯ್ತು ಕಣೋ” ಅಂದಳು. ಹಣೆಗೆ ಕುಂಕುಮ ಇಟ್ಟಳು. ನನಗೆ ನೀರು ಕೊಟ್ಟದ್ದು ಆಮೇಲೆ. ಕಾಲಮ್ಮುಗಳಿಗೆ ಇನ್ನೊಂದು ಸೇರಿತು.

*

ಇದನ್ನು ಮಗಳಿಗೆ ಹೇಳಿಲ್ಲ. ಊರಿಂದ ಬಂದ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಕ್ಕ ಕಟ್ಟಿಕೊಟ್ಟಿದ್ದ ಮುದ್ದೆಯಲ್ಲಿ ಎರಡನ್ನು ತುಪ್ಪ ಹಾಕಿ ಕಲಸಿ ಕೊಟ್ಟೆ. ಅದರ ಊಟ ಆಗಲೇ ಆಗಿತ್ತು. ನುಂಗಿದ್ದು ಎಷ್ಟು ಬೇಗವೆಂದರೆ, ತಟ್ಟೆ ನೆಲಕ್ಕಿಟ್ಟು ನಾನು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ತಟ್ಟೆ ಖಾಲಿ. ಮೇಲಿಂದ ಒಂದು ಬಕೆಟ್ಟಿನಷ್ಟು ನೀರು.

ಒಂದೂವರೆಗೆ ಎಚ್ಚರವಾಯಿತು. ಹಾಲಿನಲ್ಲಿ ಉಗುರಿನ ಸದ್ದು, ಅತ್ತಿಂದಿತ್ತ, ಇತ್ತಿಂದತ್ತ. ದೀಪ ಹಾಕಿದೆ. ತಲೆ ಜೋತುಬಿದ್ದಿತ್ತು. ವಾಂತಿಗೆಂದು ಮೈಯೆಲ್ಲ ಎಳೆಯುತ್ತದೆ, ಬರುವುದು ಬರೀ ನೊರೆ. ಪಕ್ಕೆಯ ಹಿಂದೆ ಕೈಯಿಟ್ಟೆ. ಬಿಗಿದ ತಮಟೆ. ಬೆರಳಿಂದ ತಟ್ಟಿದರೆ ಢಬ್ ಎಂದಿತು.

ಮಗಳು ನೋಡಿದವಳೇ “ಹೊಟ್ಟೆ ತಿರುಚಿದೆ” ಅಂದಳು. ಎದೆ ಆಳವಿರುವ ದೊಡ್ಡ ನಾಯಿಗಳಿಗೆ ಬರುವುದಂತೆ. ಹೊಟ್ಟೆಗೆ ಗಾಳಿ ತುಂಬಿ, ಚೀಲ ತನ್ನಷ್ಟಕ್ಕೆ ಹೊರಳಿ, ಎರಡೂ ಬಾಯಿ ಗಂಟು ಬೀಳುತ್ತವೆ, ರಕ್ತ ಓಡಾಡುವುದು ನಿಲ್ಲುತ್ತದೆ. ಗಂಟೆಗಳ ಮಾತು. ಮೊದಲು ಫೋನ್ ಮಾಡಿದ ಕಡೆ “ಬೆಳಿಗ್ಗೆ ಒಂಬತ್ತಕ್ಕೆ ತನ್ನಿ” ಅಂದರು. ಎರಡನೆಯ ಕಡೆ “ಈಗಲೇ ಹೊರಡಿ” ಅಂದರು.

ಹೊರಡುವುದು ಹೇಗೆ? ಅಷ್ಟರಲ್ಲಿ ಕಾಲು ಮಡಿಸಿ ಕುಸಿದಾಗಿತ್ತು. ಪಾರ್ಸೆಲ್ ಆಫೀಸಿನಲ್ಲಿ ಇಂಥ ತೂಕವನ್ನು ಹಮಾಲರು ಕೊಕ್ಕೆ ಹಾಕಿ ಎಳೆಯುತ್ತಿದ್ದರು. ಇಲ್ಲಿ ಕೊಕ್ಕೆ ಎಲ್ಲಿ ಹಾಕುವುದು? ಜಮಖಾನ ತಂದು ಕೆಳಗೆ ತೂರಿಸಿದೆವು. ಒಂದು ಮೂಲೆ ಅಳಿಯಂದಿರು, ಒಂದು ಮಗಳು, ಒಂದು ವಾಚ್‌ಮನ್, ಒಂದು ನಾನು. ನಾಲ್ಕು ಜನ ಹೊತ್ತು ಮನೆಯಿಂದ ಹೊರಟಾಗ ನನಗೆ ಏನು ಅನಿಸಿತೆಂದು ಬರೆಯುವುದಿಲ್ಲ. ಲಿಫ್ಟಿನಲ್ಲಿ ಮಲಗಿಸಿದರೆ ಬಾಗಿಲು ಮುಚ್ಚಲೊಲ್ಲದು. ಮೆಟ್ಟಿಲಲ್ಲೇ ಇಳಿದೆವು. ಮೂರನೇ ಮಹಡಿಯಲ್ಲಿ ಅಜ್ಜಿ ಬಾಗಿಲು ತೆರೆದು ನೋಡಿದರು. ಒಳಗೆ ಹೋಗಿ ಟಾರ್ಚ್ ತಂದು ಕೆಳಗಿನ ತನಕ ಬೆಳಕು ಹಿಡಿದರು.

ಆಸ್ಪತ್ರೆಯ ಫಾರಮ್ಮಿನಲ್ಲಿ “ರೋಗಿಯ ಹೆಸರು”, “ತೂಕ”, “ಕರೆತಂದವರ ಸಂಬಂಧ” ಎಂದಿತ್ತು. ಮಗಳು ಒಳಗಿದ್ದಳು, ಅಳಿಯಂದಿರು ದುಡ್ಡು ಹೊಂದಿಸುತ್ತಿದ್ದರು. ಪೆನ್ನು ನನ್ನ ಕೈಲಿತ್ತು. ಹೆಸರು, ತೂಕ ಬರೆದೆ. ಮೂರನೆಯದರ ಮುಂದೆ ಮೂವತ್ತಮೂರು ವರ್ಷದ ಗುಮಾಸ್ತ ತಡವರಿಸಿದ. ಕೊನೆಗೆ “ಅಜ್ಜ” ಎಂದು ಬರೆದೆ. ಕೌಂಟರಿನ ಹುಡುಗಿ ಓದಿದಳು, ತಲೆಯೆತ್ತಲಿಲ್ಲ. ಬಹಳ ಜನ ಹಾಗೇ ಬರೆಯುತ್ತಾರೆಂದು ಕಾಣುತ್ತದೆ.

ಹೊಟ್ಟೆ ಕೊಯ್ದು, ಚೀಲವನ್ನು ಮೊದಲಿನ ಜಾಗಕ್ಕೆ ತಂದು, ಮತ್ತೆ ಹೊರಳದಂತೆ ಒಳಗೋಡೆಗೆ ಹೊಲಿದರು. ಐದೂವರೆಗೆ ಡಾಕ್ಟರು ಹೊರಗೆ ಬಂದು “ರಾತ್ರಿ ಜಾಸ್ತಿ ಏನಾದರೂ ತಿಂದಿದ್ನಾ?” ಎಂದು ಕೇಳಿದರು. ಮಗಳು ಇಲ್ಲ ಅಂದಳು. ನಾನು ಕೆಮ್ಮಿದೆ.

*

ಅವನು ಮೂರನೆಯ ದಿನ ಎದ್ದು ನಡೆದ. ಶಂಕುವಿನಾಕಾರದ ಪ್ಲಾಸ್ಟಿಕ್ ಕೊರಳಪಟ್ಟಿ ಹಾಕಿದ್ದಾರೆ, ಬಾಗಿಲಿಗೆಲ್ಲ ತಾಗುತ್ತಾನೆ. ಈ ಜಾತಿಯ ಆಯುಸ್ಸು ಏಳರಿಂದ ಹತ್ತು ವರ್ಷ ಅಷ್ಟೆ. ಜಗತ್ತಿನಲ್ಲೇ ಅತಿ ಎತ್ತರದ ನಾಯಿ ಎಂದು ದಾಖಲೆಯಾದದ್ದೂ ಒಂದು ಗ್ರೇಟ್ ಡೇನ್, ಅಮೆರಿಕದ ಜೀಯಸ್, ಭುಜದವರೆಗೆ 111.8 ಸೆಂಟಿಮೀಟರ್. ಆರು ತುಂಬುವ ಮುಂಚೆ, 2014ರಲ್ಲಿ ಸತ್ತಿತು. ಗುಬ್ಬಿಗೆ ಈಗ ಐದು.

*

ನಮ್ಮೂರ ತಾಲ್ಲೂಕಿನದೇ ಆತಕೂರಿನ ಕಲ್ಲು ನೆನಪಾಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಹಿಂದೊಮ್ಮೆ ನೋಡಿದ್ದೆ. ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೆರನಿಗೆ ದೊರೆ ಏನು ಬೇಕೋ ಕೇಳು ಎಂದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ತಕ್ಕೋಲ ಇರುವುದು ಅರಕ್ಕೋಣಂ ಹತ್ತಿರ. ಕಾಳಿಯನ್ನು ಊರಿಗೆ ಕರೆತಂದದ್ದು ಹೇಗೋ, ಕಲ್ಲು ಅದನ್ನು ಹೇಳುವುದಿಲ್ಲ. ಯಾವ ಸ್ಕೇಲೂ ಹಾಕಿರಲಾರರು.

ಆ ಶಾಸನದ ಕೊನೆಗೆ ಒಂದು ಷರತ್ತಿದೆ: ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ. ಅದನ್ನು ಓದಿದಾಗಿನಿಂದ ನನ್ನದೊಂದು ಪ್ರಶ್ನೆ ಉಳಿದುಬಿಟ್ಟಿದೆ. ಕಾಳಿ ಮಾಡಿದ ಪಾಪವಾದರೂ ಏನಿದ್ದೀತು?

ಇವತ್ತು ಬೆಳಿಗ್ಗೆ ಎಂಟಕ್ಕೆ ಮಗಳು ಅಳತೆ ಮಾಡಿಟ್ಟ ಗಂಜಿಯನ್ನು ಮೂರು ಪಾಲು ಮಾಡಿ, ಮೊದಲ ಪಾಲು ನಾನೇ ಕೊಟ್ಟೆ. ಚಮಚದಲ್ಲಿ, ಸ್ಟೂಲಿನ ಮೇಲೆ ಕೂತು. ಮುಗಿದ ಮೇಲೆ ಕೈ ತೊಳೆದು ತಿಂಡಿಗೆ ಕೂತೆ. ಎದ್ದು ಉಪ್ಪು ತರುವಷ್ಟರಲ್ಲಿ ನನ್ನ ದೋಸೆಯ ಮೇಲಿನ ಬೆಣ್ಣೆ ಇರಲಿಲ್ಲ. ದೋಸೆ ಹಾಗೇ ಇತ್ತು. ಪ್ಲಾಸ್ಟಿಕ್ ಪಟ್ಟಿಯ ಒಳಗಂಚಿಗೆ ಬೆಣ್ಣೆ ಮೆತ್ತಿಕೊಂಡಿತ್ತು, ಅವನು ಗೋಡೆ ನೋಡುತ್ತಿದ್ದ.