ಎಡಗಣ್ಣು, ಬಲಗಣ್ಣು

ದೇವರು ನಮ್ಮ ಮುಖವನ್ನು ಮಾಡುವಾಗ ನಡುವೆ ಒಂದು ಗೆರೆ ಎಳೆದುಕೊಂಡು ಎಡಕ್ಕೊಂದು ಬಲಕ್ಕೊಂದು ಎಂದು ಹಂಚುತ್ತ ಹೋದನೆಂದು ತೋರುತ್ತದೆ. ಹಂಚಿಕೆ ಸರಿಸಮವಾಯಿತೆಂದು ಮಾತ್ರ ಯಾರೂ ಆಣೆಯಿಡಲಾರರು. ನನ್ನ ಬಲಗಿವಿ ಎಡಗಿವಿಗಿಂತ ತುಸು ಮೇಲಿದೆ. ಅಂಗಡಿಯವನು ಪ್ರತಿಸಲವೂ ಕನ್ನಡಕದ ಕಡ್ಡಿ ಬಗ್ಗಿಸುತ್ತಾನೆ, ಕನ್ನಡಕ ಪ್ರತಿಸಲವೂ ವಾಲುತ್ತದೆ. ಗಂಡಸಾದ್ದರಿಂದ ನನಗೆ ಇದರಿಂದ ಹೆಚ್ಚಿನ ನಷ್ಟವೇನೂ ಆಗಲಿಲ್ಲ.

ನಷ್ಟದ ಮಾತು ಬಂದದ್ದು ಅಕ್ಕನ ಮಗಳ ವಿಷಯದಲ್ಲಿ. ಅವಳ ಎಡಗಣ್ಣು ಬಲಗಣ್ಣಿಗಿಂತ ಕೂದಲೆಳೆಯಷ್ಟು ಕಿರಿದು. ನಕ್ಕರೆ ಇನ್ನಷ್ಟು ಕಿರಿದಾಗಿ ಆ ನಗುವಿಗೊಂದು ತುಂಟತನ ಬರುತ್ತದೆ. (ಇದು ಸೋದರಮಾವನ ಅಭಿಪ್ರಾಯ, ನ್ಯಾಯಾಲಯದಲ್ಲಿ ನಿಲ್ಲಲಾರದು.) ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರೀಬಾತು ಮುಗಿಸಿ ಊರಿಗೆ ಹೋದ ಮೇಲೆ, "ಕಣ್ಣು ಒಂದೇ ಸಮ ಇಲ್ಲ" ಎಂದು ಹೇಳಿಕಳಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ನಾವೂ ಸುಮ್ಮನಾಗುತ್ತಿದ್ದೆವು. ವರನ ಅಣ್ಣ ಓದಿದವರು. ವಿಜ್ಞಾನವನ್ನು ಸಾಕ್ಷಿಗೆ ಕರೆದರು. ಎರಡು ಪಕ್ಕವೂ ಸಮನಾಗಿರುವುದು ಆರೋಗ್ಯದ ಗುರುತು, ಪ್ರಾಣಿಗಳೂ ಅದನ್ನೇ ನೋಡಿ ಜೊತೆ ಆರಿಸಿಕೊಳ್ಳುತ್ತವೆ ಎಂದರಂತೆ. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹುಡುಗಿಗೇನೋ ಕಾಯಿಲೆಯೆಂಬ ಪುಕಾರು ಹಬ್ಬಿದರೆ ಮುಂದೆ ಯಾರು ಬಂದಾರು?

ವಾದ ಪೂರ್ತಿ ಪೊಳ್ಳೇನೂ ಅಲ್ಲ. ಚಳಿಗಾಲದಲ್ಲಿ ನಮ್ಮ ತಂತಿಗಳ ಮೇಲೆ ಸಾಲಾಗಿ ಕೂರುವ ಕವಲುಬಾಲದ ಅಂಬರಗುಬ್ಬಿಯನ್ನು ನೀವೂ ನೋಡಿರುತ್ತೀರಿ. ಡೆನ್ಮಾರ್ಕಿನ ಆಂಡರ್ಸ್ ಮೋಲರ್ ಅವರು ಗಂಡುಗಳ ಬಾಲದ ಗರಿಗಳನ್ನು ಕತ್ತರಿಸಿ, ಅಂಟಿಸಿ, ಉದ್ದವನ್ನೂ ಸಮತೆಯನ್ನೂ ಬದಲಿಸಿ ನೋಡಿದರು. ಉದ್ದವಾದ, ಎರಡು ಕವಲೂ ಸಮನಾದ ಬಾಲದವಕ್ಕೆ ಬೇಗ ಜೊತೆ ಸಿಕ್ಕಿತೆಂದು 1992ರಲ್ಲಿ ಬರೆದರು. ಒಡಲಿನ ಎರಡು ಪಕ್ಕವೂ ಒಂದೇ ವಂಶವಾಹಿಗಳ ಅಪ್ಪಣೆಯಂತೆ ಬೆಳೆಯುತ್ತವೆ. ನಡುವೆ ರೋಗವೋ ಹಸಿವೋ ಅಡ್ಡಬಂದರೆ ಒಂದು ಪಕ್ಕ ಹಿಂದೆ ಬೀಳುತ್ತದೆ ಎಂಬುದು ಇದರ ಹಿಂದಿನ ತರ್ಕ.

ಗುಬ್ಬಿಯ ಬಾಲದಿಂದ ಹುಡುಗಿಯ ಕಣ್ಣಿಗೆ ಜಿಗಿಯುವುದಕ್ಕೆ ಇದು ಸಾಲದು. ಸಮವಾದ ಮುಖ ನೋಟಕ್ಕೆ ಹಿತವಾಗುವುದುಂಟು, ಒಪ್ಪೋಣ. ಆದರೆ ಬ್ರಿಟನ್ನಿನಲ್ಲಿ ಹದಿನೈದು ವರ್ಷದ 4732 ಮಕ್ಕಳ ಮುಖಗಳನ್ನು ಯಂತ್ರದಿಂದ ಅಳೆದು, ಅವರ ಬಾಲ್ಯದ ಕಾಯಿಲೆಗಳ ದಾಖಲೆಯೊಡನೆ ತಾಳೆ ನೋಡಿದರು. ಮುಖದ ಓರೆಗೂ ಕಾಯಿಲೆಗೂ ನಂಟು ಕಾಣಲಿಲ್ಲವೆಂದು 2014ರಲ್ಲಿ ಪ್ರಕಟವಾಯಿತು. ಇದನ್ನು ಉತ್ಸಾಹದಿಂದ ಅಕ್ಕನಿಗೆ ಓದಿ ಹೇಳಿದೆ.

"ಬ್ರಿಟನ್ ಮಕ್ಕಳ ಲೆಕ್ಕ ಇಟ್ಕೊಂಡು ನಾನೇನು ಮಾಡ್ಲೋ?" ಎಂದಳು.

ಅವಳ ಮಗಳು ಪಕ್ಕದಲ್ಲೇ ಹುರುಳೀಕಾಯಿ ಸೋಸುತ್ತಿದ್ದಳು. ಅವಳಿಗೆ ಏಡಿಯ ಕಥೆ ಹೇಳಿದೆ. ನಮ್ಮ ಕರಾವಳಿಯ ಅಳಿವೆಗಳ ಕೆಸರಿನಲ್ಲಿ ಒಂದು ಪುಟ್ಟ ಏಡಿಯುಂಟು. ಗಂಡಿನ ಒಂದು ಕೊಂಡಿ ಹೆಸರಿಗಷ್ಟೇ ಇದ್ದರೆ ಇನ್ನೊಂದು ಮೈಗೆ ಮೀರಿದ್ದು, ಪಿಟೀಲು ಹೊತ್ತಂತೆ. ಹೆಣ್ಣಿನವು ಎರಡೂ ಸಣ್ಣವು, ಎರಡೂ ಸಮ. ಗಂಡು ಬಿಲದ ಬಾಯಲ್ಲಿ ನಿಂತು ಆ ದೊಡ್ಡ ಕೊಂಡಿಯನ್ನು ಬೀಸುತ್ತದೆ. ಹೆಣ್ಣು ಒಂದೊಂದನ್ನೇ ನೋಡುತ್ತ ಬರುತ್ತದೆ. ಬಿಲದೊಳಕ್ಕೂ ಇಳಿದು ನೋಡಿ, ಒಪ್ಪದಿದ್ದರೆ ಹೊರಬಂದು ಮುಂದಿನ ಬಿಲಕ್ಕೆ ಹೋಗುತ್ತದೆ.

ಹುಡುಗಿ ಕೈ ನಿಲ್ಲಿಸಿ ಕೇಳಿದಳು: "ಅಲ್ಲಿ ನೋಡೋಕೆ ಹೋಗೋದು ಹೆಣ್ಣೇನಾ, ಮಾವ?"