ಕಾಲಿನ ಬಿ.ಪಿ.

ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಎಡಗಾಲಿನ ಮೀನಖಂಡ ಹಿಡಿಯತೊಡಗಿತು. ಎರಡು ಮೂರು ನಿಮಿಷ ನಿಂತರೆ ಸರಿಹೋಗುತ್ತಿತ್ತು. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತಿತ್ತು. ಥಾಣೆಯ ಹೋಟೆಲಿನಲ್ಲಿ ನನ್ನದು ಗಲ್ಲಾದ ಕೆಲಸ. ಕೂತಾಗ ನೋವಿರಲಿಲ್ಲ. ಮನೆಯಲ್ಲಿ ವಯಸ್ಸಿನ ನೋವೆಂದರು. ಸಕ್ಕರೆ ಕಾಯಿಲೆ ಹಳೆಯದು.

ಮಳೆಗಾಲದಲ್ಲಿ ಚಪ್ಪಲಿ ಉಜ್ಜಿ ಕಿರುಬೆರಳ ಪಕ್ಕ ಗಾಯವಾಯಿತು. ಒಣಗಲಿಲ್ಲ. ಸುತ್ತ ಕಪ್ಪಾಯಿತು. ರಾತ್ರಿ ಹೊದಿಕೆ ತಾಗಿದರೂ ಉರಿ. ಕುಂದಾಪುರದಲ್ಲಿ ಸೋದರಮಾವನ ಪಾದವನ್ನು ಇದೇ ಕಾಯಿಲೆಗೆ ಕತ್ತರಿಸಿದ್ದರು. ಹೆಂಡತಿ ಡ್ರೆಸ್ಸಿಂಗ್ ಬಿಚ್ಚುವಾಗ ನಾನು ಗೋಡೆ ನೋಡುತ್ತಿದ್ದೆ. ಅವಳೂ ಮಾತಾಡುತ್ತಿರಲಿಲ್ಲ.

ಮನೆ ಹತ್ತಿರದ ಡಾಕ್ಟರು ಪಾದದ ನಾಡಿ ಹುಡುಕಿದರು. ಸಿಗಲಿಲ್ಲ. ರಕ್ತನಾಳದ ಡಾಕ್ಟರಿಗೆ ಚೀಟಿ ಬರೆದರು. ಮಗ ಥಾಣೆಯಲ್ಲಿ ಗಾಡಿ ಬದಲಿಸಿ ವಾಶಿಗೆ ಕರೆದೊಯ್ದ. ಕಿಕ್ಕಿರಿದ ಲೋಕಲಿನಲ್ಲಿ ಬ್ಯಾಂಡೇಜು ಕಂಡ ಒಬ್ಬರು ಏನೂ ಕೇಳದೆ ಎದ್ದು ಸೀಟು ಕೊಟ್ಟರು.

ಅಲ್ಲಿ ಮೊದಲು ಸುಮ್ಮನೆ ಮಲಗಿಸಿದರು. ಆಮೇಲೆ ಎರಡೂ ತೋಳಿಗೆ, ಎರಡೂ ಕಣಕಾಲಿಗೆ ಬಿ.ಪಿ. ಪಟ್ಟಿ ಸುತ್ತಿದರು. ಟೆಕ್ನಿಷಿಯನ್ ಹುಡುಗಿ ಪಾದಕ್ಕೆ ಜೆಲ್ ಹಚ್ಚಿ, ಪೆನ್ನಿನಂಥ ಡಾಪ್ಲರ್ ಇಟ್ಟಳು. ರಕ್ತ ಹರಿಯುವ ಸದ್ದು ಕೇಳಿಸಿತು. ಪಟ್ಟಿಗೆ ಗಾಳಿ ತುಂಬಿದಾಗ ಸದ್ದು ನಿಲ್ಲಬೇಕು. ಗಾಳಿ ಬಿಡುವಾಗ ಸದ್ದು ಮರಳುವ ಅಂಕಿಯೇ ಕಾಲಿನ ಒತ್ತಡ. ನನ್ನ ಎಡಗಾಲಿನ ಸದ್ದು ಬೇಗ ನಿಲ್ಲಲೇ ಇಲ್ಲ. ಪಟ್ಟಿ ಬಿಗಿಯುತ್ತ ಹೋಯಿತು. ಕಣ್ಣಲ್ಲಿ ನೀರು ಬಂತು. “ಕಾಕಾ, ಇನ್ನು ಸ್ವಲ್ಪವೇ,” ಎಂದಳು.

ತೋಳಿನಲ್ಲಿ 140, ಎಡಗಾಲಿನಲ್ಲಿ 224. ಕಾಲಿನದನ್ನು ತೋಳಿನದರಿಂದ ಭಾಗಿಸಿದರೆ 1.6. ಅದು 0.9 ಅಥವಾ ಇನ್ನೂ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ. ನನ್ನದು ಹೆಚ್ಚೇ ಇದೆಯಲ್ಲ, ಪಾರಾದೆ ಅನ್ನಿಸಿತು. ಡಾಕ್ಟರು ಇಲ್ಲವೆಂದರು. 1.4 ದಾಟಿದರೆ ಆ ಅಂಕಿಯನ್ನು ನಂಬುವಂತಿಲ್ಲ. ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕೂತು ಗಡುಸಾಗುತ್ತದೆ. ಪಟ್ಟಿ ಎಷ್ಟು ಒತ್ತಿದರೂ ಬಗ್ಗುವುದಿಲ್ಲ. ರಕ್ತ ಕಡಿಮೆ ಹರಿದರೂ ಅಂಕಿ ಏರುತ್ತದೆ. ಬೆರಳಿನ ಸಣ್ಣ ನಾಳಗಳು ಸಾಮಾನ್ಯವಾಗಿ ಅಷ್ಟು ಗಡುಸಾಗುವುದಿಲ್ಲ. ಹೆಬ್ಬೆರಳಿಗೆ ಪುಟ್ಟ ಪಟ್ಟಿ ಸುತ್ತಿ ನೋಡಿದರು. 56 ಬಂತು. ಭಾಗಿಸಿದರೆ 0.4. ಇರಬೇಕಾದದ್ದು 0.7ಕ್ಕಿಂತ ಮೇಲೆ.

“ಕಾಲು ತೆಗೀಬೇಕಾ?” ಎಂದೆ. ದನಿ ನಡುಗಿತು.

“ಈಗ ಬೇಡ. ಹೆಬ್ಬೆರಳಿನ ಒತ್ತಡ 30ರ ಕೆಳಗಿದ್ದರೆ ಗಾಯ ಮಾಯುವುದು ಬಹಳ ಕಷ್ಟ. ನಿಮ್ಮದು ಮಾಯಬಹುದು.” ಅದಕ್ಕಿಂತ ಹೆಚ್ಚಿನ ಭರವಸೆ ಕೊಡಲಿಲ್ಲ.

ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ, ಕೊಲೆಸ್ಟರಾಲಿಗೆ ಒಂದು, ಇನ್ಸುಲಿನ್, ದಿನವೂ ಡ್ರೆಸ್ಸಿಂಗ್. ತಂಬಾಕು ಬಿಡಬೇಕೆಂದರು. ಬಿಟ್ಟೆ. ಗಾಯ ಸಹಿಸುವುದಕ್ಕಿಂತ ಅದು ಕಷ್ಟವಾಯಿತು. ಹೋಟೆಲಿನ ಯಜಮಾನರು ಗಲ್ಲಾಕ್ಕೆ ಬೇರೆಯವರನ್ನು ಕಾಯಂ ಮಾಡಲಿಲ್ಲ. ಗಾಯ ಮುಚ್ಚುವಾಗ ಚಳಿಗಾಲ ಬಂದಿತ್ತು.

ಈಗ ನೋವು ಬರುವವರೆಗೆ ನಡೆಯುತ್ತೇನೆ, ನಿಲ್ಲುತ್ತೇನೆ, ಮತ್ತೆ ನಡೆಯುತ್ತೇನೆ. ಅದೂ ಡಾಕ್ಟರು ಹೇಳಿದ ಚಿಕಿತ್ಸೆಯೇ. ದೂರ ಸ್ವಲ್ಪ ಹೆಚ್ಚಿದೆ. ರಕ್ತನಾಳ ಮೊದಲಿನಂತಾಗುವುದಿಲ್ಲ. ಮುಂದೆ ಯಾವ ಡಾಕ್ಟರು ನೋಡಿದರೂ ಹೆಬ್ಬೆರಳಿನ ಒತ್ತಡವನ್ನೇ ಅಳೆಯಬೇಕೆಂದು ಮಗ ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಾನೆ.